ಏಳನೆಯ ಪಕ್ಕೆಲುಬು

ಹೈದರಾಬಾದಿನ ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನ ಎದುರಿಗೆ ಒಂದು ಫಿಸಿಯೋಥೆರಪಿ ಕ್ಲಿನಿಕ್ ಇದೆ. ಬೆನ್ನುನೋವಿಗೆಂದು ಹೋದ ತಿಂಗಳು ಹತ್ತು ದಿನ ಅಲ್ಲಿಗೆ ಹೋದೆ. ಬೋರಲು ಮಲಗಿ ತಲೆ ಹೊರಳಿಸಿದರೆ ಮೂಲೆಯಲ್ಲಿ ತೂಗುಹಾಕಿದ ಪ್ಲಾಸ್ಟಿಕ್ ಅಸ್ಥಿಪಂಜರ ಕಾಣುತ್ತಿತ್ತು. ಮೂರನೆಯ ದಿನ, ಎದ್ದು ಸೆರಗು ಸರಿಮಾಡಿಕೊಳ್ಳುತ್ತ, ಸುಮ್ಮನೆ ಅದರ ಬೆನ್ನ ಮೇಲೆ ಕೈಯಾಡಿಸಿದೆ. ಪಕ್ಕೆಲುಬುಗಳೂ ಬೆನ್ನುಮೂಳೆಯೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಅಂಟಿಕೊಂಡಿದ್ದವು. ಕೀಲು ಎಂಬುದೇ ಇರಲಿಲ್ಲ. ಬೆರಳಿಗೆ ಏನೂ ಸಿಗಲಿಲ್ಲ.

"ಇದು ಹೀಗಿರುವುದಿಲ್ಲ" ಎಂದು ಬೆನ್ನು ತಿಕ್ಕುತ್ತಿದ್ದ ಕ್ಲಿನಿಕ್ಕಿನ ಹುಡುಗಿಗೆ ತೆಲುಗಿನಲ್ಲಿ ಹೇಳಿದೆ. ಒಂದು ಪಕ್ಕೆಲುಬಿನ ತಲೆ ಎರಡು ಬೆನ್ನುಮಣಿಗಳ ನಡುವೆ ಕೂರುವುದನ್ನು, ಅದರ ಹೆಗಲು ಒಂದೇ ಮಣಿಗೆ ಆನಿಕೊಳ್ಳುವುದನ್ನು ಹೇಳಿದೆ. ಅವಳು ಕ್ರೀಮು ಒರೆಸಿಕೊಳ್ಳುವುದನ್ನು ನಿಲ್ಲಿಸಿ, "ಮೀಕು ಇದಂತಾ ಎಲಾ ತೆಲುಸು ಆಂಟೀ?" ಎಂದಳು. ಇದೆಲ್ಲ ನಿಮಗೆ ಹೇಗೆ ಗೊತ್ತು?

"ಚದುವುಕುನ್ನಾನು" ಎಂದೆ. ಓದಿದ್ದೇನೆ.

ಓದಿದ್ದೆ, ಸುಳ್ಳಲ್ಲ. ಆದರೆ ಆ ವಿಷಯ ನನಗೆ ಪುಸ್ತಕದಿಂದ ಬಂದದ್ದಲ್ಲ. ಕಲಿಸಿದವರ ಹೆಸರು ಹೇಳಬಹುದಿತ್ತು, ಕೊನೆಗೆ ಒಬ್ಬರು ಕಲಿಸಿದರು ಎಂದಾದರೂ ಹೇಳಬಹುದಿತ್ತು. ಲಿಫ್ಟಿನಲ್ಲಿ ಮೇಲೆ ಬರುವಾಗ ಅನ್ನಿಸಿತು, ಈ ಮನುಷ್ಯನನ್ನು ನಾನು ಇನ್ನೂ ಎಷ್ಟು ಸಲ ಹೀಗೆ ಬಾಗಿಲಾಚೆ ನಿಲ್ಲಿಸುತ್ತೇನೋ…

ಅವರನ್ನು ನಾನು ಕಾಕಾ ಎನ್ನುತ್ತಿದ್ದೆ. ಸಂಬಂಧಿಕರಲ್ಲ. ಆಗ ಹೈದರಾಬಾದು ಇಡೀ ಆಂಧ್ರಪ್ರದೇಶದ ರಾಜಧಾನಿ. ಮೆಟ್ರೋ ಇರಲಿಲ್ಲ, ಸುಲ್ತಾನ್ ಬಜಾರಿನ ಹಿಂದಿನ ಗಲ್ಲಿಯ ನಮ್ಮ ಮನೆಯಿಂದ ನಾನು ಎರಡು ಬಸ್ಸು ಬದಲಿಸಿ ಒಂದು ಖಾಸಗಿ ವೈದ್ಯಕೀಯ ಕಾಲೇಜಿಗೆ ಹೋಗುತ್ತಿದ್ದೆ. ಎಂ.ಎಸ್ಸಿ. ಮುಗಿಸಿ ಅಲ್ಲಿನ ಅನಾಟಮಿ ವಿಭಾಗಕ್ಕೆ ಟ್ಯೂಟರ್ ಆಗಿ ಸೇರಿದ್ದೆ. ಕಾಕಾ ಅಲ್ಲಿ ಅಟೆಂಡರ್. ಆದರೆ ಹಾಗೆಂದು ಎಲ್ಲಿಯೂ ಬರೆದಿರಲಿಲ್ಲ. ಹನ್ನೊಂದು ವರ್ಷದಿಂದ ಟೆಂಪರರಿ.

ಸೇರಿದ ವಾರದಲ್ಲೇ ಒಂದು ದಿನ ವಿಭಾಗದ ಫೋನಿನಿಂದ ಅಮ್ಮನ ಜೊತೆ ಮಾತಾಡುತ್ತಿದ್ದೆ. ಇಟ್ಟು ತಿರುಗಿದರೆ ಬಾಗಿಲಲ್ಲಿ ನೀಲಿ ಅಂಗಿಯ ಒಬ್ಬ ತೆಳ್ಳಗಿನ ಮನುಷ್ಯ.

"ಯಾವ ಊರ ಕಡೆಯೋರ್ರಿ ಅಕ್ಕೋರ?"

ಗುಲಬರ್ಗಾ ಎಂದೆ. ತಮ್ಮದು ಲಿಂಗಸೂಗೂರಿನ ಕಡೆ ಎಂದರು. "ಹಂಗಾರ ಅರ್ಧಾ ನಮ್ಮೋರ ಆದ್ರಿ. ಉಳದರ್ಧ ನೀವು ರೊಟ್ಟಿ ತಿಂತೀರೋ ಚಪಾತಿ ತಿಂತೀರೋ ನೋಡಿ ಹೇಳ್ತೀನಿ."

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ಇಡೀ ಕಾಲೇಜಿನಲ್ಲಿ ತೆಲುಗು, ಉರ್ದು, ಇಂಗ್ಲಿಷು. ಕನ್ನಡ ಇದ್ದದ್ದು ನಮ್ಮಿಬ್ಬರ ನಡುವೆ ಮಾತ್ರ. ಅದೂ ಎಲುಬಿನ ಕೋಣೆಯಲ್ಲಿ, ಬೇರೆ ಯಾರೂ ಇಲ್ಲದಾಗ.

ಆ ಕೋಣೆ ಕಾಕಾನದೇ. ಒಣಗಿದ ಎಲುಬುಗಳು ಅಲ್ಲಿಗೆ ಗೋಣಿಚೀಲದಲ್ಲಿ ಬರುತ್ತಿದ್ದವು. ಅವನ್ನು ಸೋಡಾ ನೀರಿನಲ್ಲಿ ಕುದಿಸಿ, ತೊಳೆದು, ಬಿಳುಪಾಗಿಸಿ, ಸಣ್ಣ ರಂಧ್ರ ಕೊರೆದು, ಹಿತ್ತಾಳೆ ತಂತಿಯಿಂದ ಒಂದಕ್ಕೊಂದು ಕಟ್ಟಿ, ನಿಂತ ಮನುಷ್ಯನ ಆಕಾರಕ್ಕೆ ತರುವುದು ಅವರ ಕೆಲಸ. ಕಾಲೇಜಿಗೆ ಬರುವ ಮೊದಲು ಮಂಚಕ್ಕೆ ನವಾರು ನೇಯುತ್ತಿದ್ದರಂತೆ. ಬೆನ್ನುಮಣಿಗಳ ನಡುವೆ ಇಡುವ ಮೆತ್ತನೆಯ ಬಿಲ್ಲೆಗಳನ್ನು ಹಳೆಯ ಹವಾಯಿ ಚಪ್ಪಲಿಯ ಅಟ್ಟೆಯಿಂದ ಕತ್ತರಿಸುತ್ತಿದ್ದರು. ನೀಲಿ ಪಟ್ಟಿಯ ಚಪ್ಪಲಿಯೇ ಆಗಬೇಕು ಎನ್ನುತ್ತಿದ್ದರು. ಯಾಕೆಂದು ಕೇಳಿದ್ದೆ. ಏನೋ ಹೇಳಿದ್ದರು… ನೆನಪಿಲ್ಲ.

ಪಕ್ಕೆಲುಬಿನ ಪಾಠ ಮಾತ್ರ ನೆನಪಿದೆ. ಮರುದಿನ ಮಕ್ಕಳಿಗೆ ಎದೆಗೂಡು ಕಲಿಸಬೇಕಿತ್ತು, ನಾನು ಪುಸ್ತಕದ ಚಿತ್ರ ನೋಡುತ್ತ ತಲೆ ಕೆಡಿಸಿಕೊಂಡಿದ್ದೆ. ಕಾಕಾ ಒಂದು ಪಕ್ಕೆಲುಬು ತಂದು ನನ್ನ ಕೈಯಲ್ಲಿಟ್ಟರು.

"ಕಣ್ಣು ಮುಚ್ರಿ ಅಕ್ಕೋರ."

"ಕಣ್ಣು ಮುಚ್ಚಿ ಹ್ಯಾಂಗ ನೋಡೂದು ಕಾಕಾ?"

"ಕಣ್ಣು ಪುಸ್ತಕಕ್ಕ ಇಟ್ಕೋರಿ. ಎಲುಬಿಗೆ ಬಟ್ಟು ಸಾಕು."

ನನ್ನ ಹೆಬ್ಬೆರಳನ್ನು ಎಲುಬಿನ ಹಿಂತುದಿಯ ಮೇಲಿಟ್ಟರು. "ಇದು ತಲಿ. ತಲಿ ಮ್ಯಾಲ ಎರಡು ಚಪ್ಪಟಿ ಜಾಗ ಅದಾವು, ಸಿಕ್ಕಾವೇನು? ಕೆಳಗಿಂದು ದೊಡ್ಡದು, ಅದು ತನ್ನ ಮಣಿಗೆ. ಮ್ಯಾಲಿಂದು ಸಣ್ಣದು, ಅದು ಮ್ಯಾಲಿನ ಮನಿ ಮಣಿಗೆ. ಇಬ್ಬರ ನಡುವಿನ ಗ್ವಾಡಿ ಮ್ಯಾಲ ತಲಿ ಇಟ್ಟು ಮಲಗತೈತಿ. ಇನ್ನ ಸ್ವಲ್ಪ ಈ ಕಡೆ ಬರ್ರಿ. ಇದು ಹೆಗಲ. ಹೆಗಲ ಮಾತ್ರ ತನ್ನ ಮಣಿಗೇ ಆನಸ್ತೈತಿ, ಮತ್ತೊಬ್ಬರದಕ್ಕ ಮುಟ್ಟಂಗಿಲ್ಲ. ತಲಿ, ಹೆಗಲ ಎರಡೂ ಕೂತ್ವು ಅಂದ್ರ ಅದು ಅದರ ಜಾಗ. ಒಂದು ಕೂತು ಒಂದು ಎದ್ದು ನಿಂತ್ರ, ಯಾರದೋ ಮನಿ ಹೊಕ್ಕೈತಿ ಅಂತ ತಿಳೀರಿ."

"ಎಲ್ಲಾ ಹನ್ನೆರಡೂ ಹಿಂಗೇನ?"

"ಎಲ್ಲಿ ಹಂಗ ಇರತೈತ್ರಿ? ಮೊದಲನೇದು, ಕಡೀ ಮೂರು, ಇವು ಒಂದ ಮಣಿ ನೆಚ್ಚಿದಾವು. ಅದರಾಗೂ ಕಡೀ ಎರಡಕ್ಕ ಹೆಗಲಾನೂ ಇಲ್ಲ, ಮುಂದ ಹಿಡಕೊಳ್ಳಾಕ ಯಾರೂ ಇಲ್ಲ. ಟೆಂಪರರಿ. ನನ್ನಂಗ."

ತಮ್ಮ ಮಾತಿಗೆ ತಾವೇ ಸದ್ದಿಲ್ಲದೆ ನಕ್ಕರು.

ಪರ್ಮನೆಂಟ್ ಆಗುವುದು ಅವರಿಗೆ ಎಷ್ಟು ಮುಖ್ಯವಾಗಿತ್ತೆಂದು ನನಗೆ ಗೊತ್ತಿರಲಿಲ್ಲ ಎಂದು ಹೇಳಲಾರೆ. ಗೊತ್ತಿತ್ತು. ಆ ವರ್ಷ ದಾಟಿದರೆ ವಯಸ್ಸಿನ ಮಿತಿ ಮುಗಿಯುತ್ತಿತ್ತು. ಕಾಲೇಜಿನ ಮಾನ್ಯತೆಗಾಗಿ ಸಮಿತಿಯೊಂದು ತಪಾಸಣೆಗೆ ಬರುವುದಿತ್ತು. ನಮ್ಮ ವಿಭಾಗದ ಮುಖ್ಯಸ್ಥರು ಮಾತು ಕೊಟ್ಟಿದ್ದರು: ತಪಾಸಣೆಗೆ ಒಂದು ಹೊಸ ಅಸ್ಥಿಪಂಜರ ಕಟ್ಟು, ತಪಾಸಣೆ ಚೆನ್ನಾಗಿ ಮುಗಿಯಲಿ, ನಿನ್ನ ಫೈಲು ನಾನೇ ಒಯ್ದು ಸಹಿ ಮಾಡಿಸುತ್ತೇನೆ. ಕಾಕಾ ಇದನ್ನು ನನಗೆ ಮೂರು ಸಲವಾದರೂ ಹೇಳಿದ್ದರು. "ಕಾರ್ಡು ಕೊಡ್ತಾರಂತ್ರಿ. ಫೋಟೋ ಹಚ್ಚಿ, ಕೆಳಗ ಅಟೆಂಡರ್ ಅಂತ ಬರದು. ಹನ್ನೊಂದು ವರ್ಷದಿಂದ ಗೇಟಿನ್ಯಾಂವ ನನ್ನ ಮಾರಿ ನೋಡಿ ಬಿಡ್ತಾನ. ಒಂದ್ ದಿನ ಕಾರ್ಡು ನೋಡಿ ಬಿಡ್ಲಿ."

ಎಲುಬುಗಳಿಗೆ ಸಂಖ್ಯೆ ಹಾಕುವ ಕೆಲಸ ನನಗೆ ಬಂತು. ಮಕ್ಕಳು ಓದಲು ಅನುಕೂಲವಾಗಲೆಂದು ಪ್ರತಿ ಪಕ್ಕೆಲುಬಿನ ಮೇಲೆ ಕಪ್ಪು ಮಸಿಯಲ್ಲಿ ಒಂದರಿಂದ ಹನ್ನೆರಡು, ಬಲಕ್ಕೆ ಬೇರೆ, ಎಡಕ್ಕೆ ಬೇರೆ. ಮೇಜಿನ ಮೇಲೆ ಉದ್ದದ ಪ್ರಕಾರ ಸಾಲಾಗಿ ಜೋಡಿಸಿ ಬರೆದೆ. ಏಳನೆಯದು ಎಲ್ಲಕ್ಕಿಂತ ಉದ್ದ ಎಂದು ಪುಸ್ತಕ ಹೇಳಿತ್ತು. ಎಡಗಡೆಯ ಒಂದು ಪಕ್ಕೆಲುಬಿನ ಮುಂತುದಿ ಚೀಲದಲ್ಲೇ ಮುಕ್ಕಾಗಿತ್ತು, ಎರಡು ಬೆರಳಿನಷ್ಟು. ಅದು ಗಿಡ್ಡ ಕಂಡಿತು. ಅದರ ಮೇಲೆ ಎಂಟು ಎಂದು ಬರೆದು, ಅದರ ಪಕ್ಕದ್ದಕ್ಕೆ ಏಳು ಎಂದು ಬರೆದೆ. ಮುಕ್ಕಾದದ್ದೇ ಏಳನೆಯದಾಗಿತ್ತು. ನಾನು ಮುಂದಿನ ತುದಿಯನ್ನಷ್ಟೇ ನೋಡಿದೆ. ಹಿಂತುದಿಯನ್ನು ಮುಟ್ಟಲಿಲ್ಲ.

ಮರುದಿನ ಮಧ್ಯಾಹ್ನ ಕಾಕಾ ತಂತಿ ಬಾಯಲ್ಲಿ ಕಚ್ಚಿಕೊಂಡೇ ಕರೆದರು. "ಅಕ್ಕೋರ, ಈ ಏಳು ಕೂಡವಲ್ದು. ತಲಿ ಕೂತ್ರ ಹೆಗಲ ಏಳಾಕತ್ತೈತಿ."

"ಅಳತಿ ಮಾಡಿ ಬರದೀನಿ ಕಾಕಾ. ನಂಬರ್ ನೋಡಿ ಕಟ್ರಿ."

ಇನ್ನೊಂದನ್ನು ಎತ್ತಿ ಹಿಡಿದು ನೋಡಿ ಮತ್ತೆ ಅಂದರು. "ಎಂಟೂ ಹಂಗ ಮಾಡಾಕತ್ತೈತ್ರಿ. ಒಂದ್ ಸಲ ಬಟ್ಟು ಇಟ್ಟು ನೋಡ್ರಲ."

ನನ್ನ ಮುಂದೆ ಇಬ್ಬರು ವಿದ್ಯಾರ್ಥಿನಿಯರು ನಿಂತಿದ್ದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಆದರೆ ಅಟೆಂಡರೊಬ್ಬ ತಮ್ಮ ಟ್ಯೂಟರಿಗೆ ಏನನ್ನೋ ತಿದ್ದಿ ಹೇಳುತ್ತಿದ್ದಾನೆ ಎಂಬುದು ತಿಳಿಯಲು ಭಾಷೆ ಬೇಕಿರಲಿಲ್ಲ.

"ಕಟ್ಟೂ ಕೆಲಸ ನಿಮ್ದು. ನಂಬರಿಂದು ನಾ ನೋಡ್ಕೋತೀನಿ" ಎಂದೆ.

ಇಷ್ಟೇ ಅಂದೆನೋ, ಇನ್ನೂ ಏನಾದರೂ ಅಂದೆನೋ… ಈ ವಾಕ್ಯವನ್ನು ಇಷ್ಟು ವರ್ಷಗಳಲ್ಲಿ ನನಗೆ ಅನುಕೂಲವಾಗುವ ಹಾಗೆ ಮೆತ್ತಗೆ ಮಾಡಿಕೊಂಡಿರಲೂಬಹುದು. ಕಾಕಾ "ಹೂಂ" ಎಂದದ್ದು ಮಾತ್ರ ಖಚಿತ. ಅವರು ಎಲುಬನ್ನು ಅರದಿಂದ ಉಜ್ಜಿ ಕೂರಿಸಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಗೆ ಮಾಡಲಿಲ್ಲ. ಇದ್ದದ್ದನ್ನು ಇದ್ದ ಹಾಗೆ, ಸಂಖ್ಯೆ ನೋಡಿ ಕಟ್ಟಿದರು.

ತಪಾಸಣೆಯ ಬೆಳಿಗ್ಗೆ ಬೇಗ ಹೋದೆ. ಯಾರೂ ಬಂದಿರಲಿಲ್ಲ. ಅಸ್ಥಿಪಂಜರ ಸ್ಟ್ಯಾಂಡಿನಲ್ಲಿ ಬೆಳ್ಳಗೆ ನಿಂತಿತ್ತು. ಕಣ್ಣು ಮುಚ್ಚಿ ಅದರ ಎಡ ಬೆನ್ನಿನ ಮೇಲೆ ಮೇಲಿನಿಂದ ಕೆಳಗೆ ಬೆರಳು ಇಳಿಸುತ್ತ ಬಂದೆ. ಐದು, ಆರು, ಎಲ್ಲ ಆನಿಕೊಂಡಿದ್ದವು. ಏಳಕ್ಕೆ ಬಂದಾಗ ಬೆರಳು ಸಂದಿಯೊಳಗೆ ಹೋಯಿತು. ಎಂಟಕ್ಕೂ.

ಕಾಕಾನಿಗೆ ಹೇಳಿದ್ದರೆ ಒಂದು ಗಂಟೆಯಲ್ಲಿ ಬಿಚ್ಚಿ ಕಟ್ಟುತ್ತಿದ್ದರು. ಆದರೆ ಸಂಖ್ಯೆ ಅಳಿಸಿ ಬರೆಯಬೇಕಾಗುತ್ತಿತ್ತು, ಮುಖ್ಯಸ್ಥರು ಬಂದು ಏನಾಯಿತೆಂದು ಕೇಳುತ್ತಿದ್ದರು. ನಾನು ಸ್ಟ್ಯಾಂಡನ್ನು ತಿರುಗಿಸಿ ಎಡಮಗ್ಗುಲನ್ನು ಗೋಡೆಗೆ ಮಾಡಿದೆ. ಆಮೇಲೆ ಬಂದ ಕಾಕಾ ಅದನ್ನು ನೋಡಿದರು, ನನ್ನನ್ನು ನೋಡಿದರು, ಕಸಬರಿಗೆ ತೆಗೆದುಕೊಂಡು ಹೊರಗೆ ಹೋದರು.

ಸಮಿತಿಯವರಲ್ಲಿ ವಯಸ್ಸಾದ ಒಬ್ಬ ಪ್ರೊಫೆಸರ್ ಇದ್ದರು. ಎಲ್ಲರೂ ಮುಂದಿನ ಕೋಣೆಗೆ ಹೋಗುತ್ತಿದ್ದಾಗ ಅವರು ಹಿಂದೆ ಉಳಿದು, ಸ್ಟ್ಯಾಂಡನ್ನು ಮೆಲ್ಲಗೆ ತಿರುಗಿಸಿದರು. ನಾನು ಬೆಳಿಗ್ಗೆ ಇಳಿಸಿದ ಹಾಗೆಯೇ ಬೆರಳು ಇಳಿಸಿದರು. ಏಳರಲ್ಲಿ ನಿಲ್ಲಿಸಿದರು.

"ಇದನ್ನು ಕಟ್ಟಿದವರು ಯಾರು?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮುಖ್ಯಸ್ಥರು ನನ್ನ ಕಡೆ ನೋಡಿದರು.

"ಅಟೆಂಡರ್, ಸರ್" ಎಂದೆ.

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಕಟ್ಟಿದ್ದು ಅಟೆಂಡರೇ. ಕಾಕಾ ಬಾಗಿಲ ಬಳಿ ನೀರಿನ ಗ್ಲಾಸುಗಳ ಟ್ರೇ ಹಿಡಿದು ನಿಂತಿದ್ದರು. ಅಷ್ಟು ಇಂಗ್ಲಿಷು ಅವರಿಗೆ ಬರುತ್ತಿತ್ತು. ಟ್ರೇ ಅಲುಗಲಿಲ್ಲ. ಅವರು ಬಾಯಿ ತೆರೆಯಬಹುದೆಂದು ನಾನು ಕಾದೆ. ಒಂದು ವೇಳೆ ತೆರೆದಿದ್ದರೆ ಏನು ಹೇಳಬೇಕೆಂದೂ ಆ ಎರಡು ಕ್ಷಣದಲ್ಲಿ ಸಿದ್ಧಮಾಡಿಕೊಂಡಿದ್ದೆ.

ನನಗೆ ಡೈರಿ ಬರೆಯುವ ಅಭ್ಯಾಸ ಆಗಲೂ ಇತ್ತು. ನೆನಪು ಬಣ್ಣ ಬಳಿಯುತ್ತದೆ, ಅಂದಂದೇ ಬರೆದದ್ದು ನಿಜ ಎಂಬುದು ನನ್ನ ನಂಬಿಕೆ. ಇದನ್ನು ಬರೆಯುವ ಮೊದಲು ಆ ವರ್ಷದ ಡೈರಿ ಹುಡುಕಿ ತೆಗೆದೆ. ಆ ದಿನದ ಪುಟದಲ್ಲಿ ಎರಡೇ ಸಾಲು: "ತಪಾಸಣೆ ಮುಗಿಯಿತು. ಎದೆಗೂಡಿನಲ್ಲಿ ಕಾಕಾ ಮಾಡಿದ ತಪ್ಪು ಸಿಕ್ಕಿಬಿತ್ತು, ಪಾಪ." ಅಂದೇ ಬರೆದದ್ದು. ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟ, ನನ್ನ ಹೊರತು ಯಾರೂ ಓದದ ಪುಸ್ತಕದಲ್ಲಿ. ಆ 'ಪಾಪ' ಎಂಬ ಮಾತನ್ನು ನೋಡಿದಷ್ಟೂ ಮೈ ಉರಿಯುತ್ತದೆ.

ಮರುದಿನ ಮುಖ್ಯಸ್ಥರು ಕರೆದು, ಅಟೆಂಡರ್ ಹೆಸರಿನಲ್ಲಿ ಒಂದು ತಪ್ಪೊಪ್ಪಿಗೆ ಬರೆ, ನಿನ್ನ ಇಂಗ್ಲಿಷು ಚೆನ್ನಾಗಿದೆ ಎಂದರು. ಅವನು ಸಹಿ ಮಾಡಿದರೆ ಟೆಂಪರರಿಯಾಗಿಯಾದರೂ ಇರಲಿ, ಇಲ್ಲದಿದ್ದರೆ ನಾಳೆಯಿಂದ ಬೇಡ. ಫೈಲಿನ ಮಾತು ಅಲ್ಲಿಗೆ ಮುಗಿಯಿತು. ಎಡಗಡೆಯ 7 ಮತ್ತು 8ನೆಯ ಪಕ್ಕೆಲುಬುಗಳನ್ನು ನನ್ನ ಅಜಾಗರೂಕತೆಯಿಂದ ಅದಲುಬದಲು ಕಟ್ಟಿದ್ದೇನೆ, ಎಂದು ನಾನು ಕಾಕಾ ಆಗಿ ಬರೆದೆ.

ಅವರು ಆ ಹಾಳೆಯನ್ನು ಹಿಡಿದು ಎಲುಬಿನ ಕೋಣೆಗೆ ಬಂದರು. "ಏನ್ ಬರದೈತಿ, ಓದಿ ಹೇಳ್ರಿ ಅಕ್ಕೋರ."

ಓದಿದೆ. ಕನ್ನಡಕ್ಕೆ ತರುವಾಗ ಅಜಾಗರೂಕತೆ ಎಂಬುದನ್ನು ಬಿಟ್ಟೆ. ಕಾಕಾ ಹಾಳೆಯನ್ನು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ನಾನು ಇಂಗ್ಲಿಷ್ ಅಂಕಿಯ ಏಳನ್ನು ಬರೆಯುವಾಗ ನಡುವೆ ಒಂದು ಅಡ್ಡಗೆರೆ ಎಳೆಯುತ್ತೇನೆ. ಕಾಲೇಜಿನಲ್ಲಿ ಬೇರೆ ಯಾರೂ ಹಾಗೆ ಬರೆಯುತ್ತಿರಲಿಲ್ಲ.

"ಈ ಏಳು ನಿಮ್ದು" ಎಂದರು. "ಎಲುಬಿನ ಮ್ಯಾಲಿಂದೂ ನಿಮ್ದ."

ಅವರು ಜೇಬಿನಿಂದ ಪೆನ್ನು ತೆಗೆದು, ಮೇಜಿನ ಮೇಲೆ ಬಾಗಿ, ಕನ್ನಡದಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದರು.

ಆ ವಾರ ಅವರು ಯಾರೂ ಹೇಳದೆಯೇ ತಂತಿ ಬಿಚ್ಚಿ ಎರಡೂ ಪಕ್ಕೆಲುಬುಗಳನ್ನು ಅವುಗಳ ಜಾಗಕ್ಕೆ ಕಟ್ಟಿದರು. ಆಗ ಸಂಖ್ಯೆಗಳು ಆರು, ಎಂಟು, ಏಳು, ಒಂಬತ್ತು ಎಂದು ನಿಂತವು. ತಪ್ಪು ಯಾರದೆಂದು ಓದಬಲ್ಲ ಯಾರಿಗಾದರೂ ಅಲ್ಲಿ ಕಾಣುತ್ತಿತ್ತು. ಮುಖ್ಯಸ್ಥರನ್ನು ಕರೆದು ತೋರಿಸಲು ಕಾಕಾನಿಗೆ ಸಾಧ್ಯವಿತ್ತು. ತೋರಿಸಲಿಲ್ಲ. ನಾನು ಮಧ್ಯಾಹ್ನ ಬಾಗಿಲು ಮುಂದೆ ಮಾಡಿಕೊಂಡು, ಬ್ಲೇಡಿನಿಂದ ಎರಡನ್ನೂ ಕೆರೆದು ತಿದ್ದಿ ಬರೆದೆ. ಏಳಕ್ಕೆ ಅಡ್ಡಗೆರೆ ಎಳೆಯಲಿಲ್ಲ.

ಅಂದಿನಿಂದ ಕಾಕಾ ನನ್ನೊಡನೆ ಕನ್ನಡ ಮಾತಾಡಲಿಲ್ಲ. ಸಿಟ್ಟಿನಿಂದ ಬೈದಿದ್ದರೆ ನಾನೂ ಏನೋ ಒಂದು ಹೇಳಿ ಹಗುರಾಗಬಹುದಿತ್ತು. ಅವರು ಬೈಯಲಿಲ್ಲ. ನಾನು "ಕಾಕಾ, ಊಟ ಆತೇನ್ರಿ?" ಎಂದರೆ "ಹೌ ಮೇಡಂ" ಎಂದು ಹೈದರಾಬಾದಿನ ಉರ್ದುವಿನಲ್ಲಿ ಹೇಳುತ್ತಿದ್ದರು. ಊರಿನ ಸುದ್ದಿ ಕೇಳಿದರೆ "ಸಬ್ ಠೀಕ್ ಹೈ ಮೇಡಂ." ಬೇರೆ ಎಲ್ಲ ಮೇಡಂಗಳಿಗೆ ಹೇಳುವ ಹಾಗೆ, ಅಷ್ಟೇ ಮರ್ಯಾದೆಯಿಂದ.

ಎರಡು ವರ್ಷದ ನಂತರ ಒಂದು ಬೇಸಿಗೆಯಲ್ಲಿ ಅವರು ಬರುವುದು ನಿಂತಿತು. ಉಸಿರಿನ ಕಾಯಿಲೆ ಎಂದರು. ಉಪ್ಪಲಿನಲ್ಲಿ ಅವರ ಮನೆ ಹುಡುಕಿಕೊಂಡು ಹೋದೆ. ಯಾಕೆ ಹೋದೆನೆಂದು ಈಗಲೂ ಕೇಳಿಕೊಳ್ಳುತ್ತೇನೆ. ಕ್ಷಮೆ ಕೇಳಲು ಎಂದು ಬರೆಯಲು ಕೈ ಬರುತ್ತದೆ. ನೋಡಿ ಬಂದೆನೆಂದು ನನಗೆ ನಾನೇ ಹೇಳಿಕೊಳ್ಳಲು ಎಂಬುದು ಹೆಚ್ಚು ಸರಿ.

ಬಾಗಿಲು ತೆರೆದವರು ಕಾಕಾನ ಹೆಂಡತಿ. ನಮ್ಮ ಕಡೆ ಕಾಕೂ ಎನ್ನಬೇಕು. ಯಾರೆಂದು ಹೇಳಿದೆ. "ಬರ್ರಿ ಬರ್ರಿ ಅಕ್ಕೋರ. ಹೆಸರು ದಿನಾ ಕೇಳ್ತಿದ್ದೆ, ಮಾರಿ ಇವತ್ತ ನೋಡಾಕತ್ತೀನಿ."

ಒಳಗೆ ಕಾಕಾ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ನನ್ನನ್ನು ನೋಡಿ ಹೆಂಡತಿಗೆ "ಮೇಡಂ ಕು ಪಾನಿ ದೇ" ಎಂದರು.

ಕಾಕೂ ನಕ್ಕರು. "ಅಯ್ಯ, ಅಕ್ಕೋರ ಮುಂದ ಹಿಂದಿ ಯಾಕ? ಜ್ವರ ತಲಿಗೇರೈತೇನ?"

ಕಾಕೂ ನೀರು ಕೊಟ್ಟು, ನೆಲದ ಮೇಲೆ ಕೂತು, ರೊಟ್ಟಿ ಮತ್ತು ಶೇಂಗಾ ಚಟ್ನಿಯ ತಟ್ಟೆಯನ್ನು ನನ್ನ ಮುಂದೆ ಸರಿಸಿದರು. "ಇವರ್ನ ಪರ್ಮನೆಂಟ್ ಮಾಡಿಸಿದ ಕೈ ನಿಮ್ದು. ನಮ್ಮ ಮನ್ಯಾಗ ಉಣ್ಣದ ಹೋಗಬಾರ್ದು. ಎರಡು ವರ್ಷ ಆತು, ಕರಕೊಂಡ್ ಬರ್ರಿ ಅಕ್ಕೋರ್ನ ಅಂತ ಹೇಳಿ ಹೇಳಿ ಸಾಕಾತು ನನಗ."

ನಾನು ಕಾಕಾನ ಕಡೆ ನೋಡಿದೆ. ಅವರು ಎದುರಿನ ಗೋಡೆ ನೋಡುತ್ತಿದ್ದರು.

"ಕಾರ್ಡು ಒಂದ್ ಸಲ ತಂದು ತೋರಸ್ರಿ ಅಂದ್ರ, ಕಾಲೇಜಿನಾಗ ಇಟ್ಕೊಂತಾರ, ಮನಿಗೆ ಕೊಡಂಗಿಲ್ಲ ಅಂತಾರ" ಎಂದರು ಕಾಕೂ. "ಹೌದೇನ್ರಿ ಅಕ್ಕೋರ?"

ಕಾಕಾ ಆಗ ಗೋಡೆಯಿಂದ ಕಣ್ಣು ಕಿತ್ತು ನನ್ನನ್ನು ನೋಡಿದರು. ಎರಡು ವರ್ಷಗಳಲ್ಲಿ ಮೊದಲ ಸಲ.

"ಹೌದ್ರಿ. ಕಾಲೇಜಿನಾಗ ಇಟ್ಕೋತಾರ" ಎಂದೆ.

ರೊಟ್ಟಿ ಮುರಿದು ತಿಂದೆ. ಎರಡನೆಯದನ್ನೂ ಹಾಕಿಸಿಕೊಂಡೆ. ಅವರು ಹೆಂಡತಿಯ ಮುಂದೆ ನನ್ನನ್ನು ಯಾಕೆ ದೊಡ್ಡವಳನ್ನಾಗಿ ಮಾಡಿದರೋ… ಅದು ದೊಡ್ಡ ಮನಸ್ಸು ಎಂದು ಎಷ್ಟೋ ವರ್ಷ ನಂಬಿದ್ದೆ. ಈಗ ಹಾಗನ್ನಿಸುವುದಿಲ್ಲ. ಆಗದೇ ಹೋದದ್ದನ್ನು ಮನೆಯಲ್ಲಿ ಹೇಳಲು ಅವರಿಗೆ ನಾಚಿಕೆಯಾಗಿತ್ತು, ಆಯಿತು ಎಂದರು. ಆಗಿಸಿದವರು ಯಾರು ಎಂಬ ಪ್ರಶ್ನೆಗೆ ಮೊದಲಿನಿಂದ ಹೇಳುತ್ತಿದ್ದ ಹೆಸರೇ ಬಾಯಿಗೆ ಬಂತು. ನನ್ನ ಮೇಲಿನ ಪ್ರೀತಿಗೂ ಅದಕ್ಕೂ ಸಂಬಂಧವಿಲ್ಲ. ಅವರ ನಾಚಿಕೆಗೆ ಕಾರಣ ನಾನು, ಅದನ್ನು ಮುಚ್ಚಿದ ಬಟ್ಟೆಯೂ ನಾನೇ.

ಮಳೆಗಾಲದಲ್ಲಿ ಕಾಕಾ ತೀರಿಕೊಂಡರು. ನನಗೆ ಸುದ್ದಿ ಬಂದದ್ದು ಹದಿನೈದು ದಿನ ಕಳೆದ ಮೇಲೆ. ಆ ಕಾಲೇಜಿನಲ್ಲೇ ಬಡ್ತಿ ಪಡೆದು ನಾನು ನಿವೃತ್ತಳಾದೆ. ನನ್ನ ಕೊರಳಲ್ಲಿ ಮೂವತ್ತು ವರ್ಷ ಕಾರ್ಡು ತೂಗುತ್ತಿತ್ತು.

ಕಾಕೂ ಇನ್ನೂ ಇದ್ದಾರೆ. ಪ್ರತಿ ಯುಗಾದಿಗೆ ಫೋನ್ ಮಾಡುತ್ತಾರೆ. ಅಪ್ಪ ಅಮ್ಮ ಹೋದ ಮೇಲೆ ಈ ಊರಿನಲ್ಲಿ ನನ್ನೊಡನೆ ಕನ್ನಡ ಮಾತಾಡುವವರು ಅವರೊಬ್ಬರೇ. ಹೇಳಿಬಿಡಬೇಕು ಎಂದು ಪ್ರತಿ ವರ್ಷ ಅಂದುಕೊಳ್ಳುತ್ತೇನೆ. ಹೇಳಿದರೆ ಆ ಫೋನು ನಿಲ್ಲುತ್ತದೆ ಎಂಬುದೂ ಗೊತ್ತು. ಅವರ ಮನಸ್ಸು ನೋಯಿಸಬಾರದೆಂದು ಸುಮ್ಮನಿದ್ದೇನೆ ಎಂದು ಬರೆದಿದ್ದೆ. ಈಗ ಆ ಸಾಲು ಹೊಡೆದುಹಾಕಿದೆ.

ಈ ಸಲದ ಫೋನಿನಲ್ಲಿ ಸೊಸೆಯ ಸುದ್ದಿ ಹೇಳಿದರು. "ಆಕಿ ಒಂದು ದವಾಖಾನಿ ಲ್ಯಾಬಿನಾಗ ಕೆಲಸಕ್ಕ ಸೇರ್ಯಾಳ್ರಿ. ಸದ್ಯೇಕ ಟೆಂಪರರಿ. ಆಕಿಗೂ ನಿಮ್ಮಂಥಾ ಒಬ್ಬ ಅಕ್ಕೋರು ಸಿಗಲಿ ಅಂತ ದೇವರಿಗೆ ದೀಪ ಹಚ್ಚೀನಿ."

"ಬ್ಯಾಡ್ರಿ ಕಾಕೂ" ಎಂದೆ. "ಹಂಗ ಬೇಡ್ಕೋಬ್ಯಾಡ್ರಿ."

ಕಾಕೂ ನಕ್ಕರು. "ಮಾಡಿದ್ದು ಹೇಳ್ಕೊಳ್ಳೂ ಪೈಕಿ ಅಲ್ಲ ಅವರು, ಅಂತಿದ್ರು ನಿಮ್ಮ ಕಾಕಾ" ಎಂದರು.